ಅಕ್ಕಿ ಅರಳದ ಬಿಸಿ

ಮಂಡಕ್ಕಿ ಭಟ್ಟಿಯ ಇಮಾಂಬೀ ಒಂದು ಸಾಮಾನನ್ನು ಕೈಗೆತ್ತಿಕೊಂಡು ತಿರುಗಿಸತೊಡಗಿದಳೆಂದರೆ ದಾವಣಗೆರೆಯ ಅಂಗಡಿಯವರಿಗೆ ಎದೆ ಡವಡವ ಎನ್ನುತ್ತಿತ್ತು. ಕೊಡ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುವಳು. ಚಾದರ ಕೊಳ್ಳುವಾಗ ಅಂಚಿನ ಎಳೆಯೊಂದನ್ನು ಕಿತ್ತು ಹಲ್ಲಲ್ಲಿ ಕಚ್ಚಿ ನೋಡುವಳು. ಗಂಡ ಮಕ್ತುಮ್ ಸಾಬ್ ತನ್ನ ಅಂಗಿಯನ್ನು ತಾನೇ ಕೊಂಡದ್ದು ಜೀವಮಾನದಲ್ಲಿ ಒಂದೇ ಸಲ. ಎರಡನೇ ಒಗೆತಕ್ಕೆ ಅದು ಹೊಕ್ಕುಳಿನ ಮೇಲಕ್ಕೆ ಏರಿ ಕೂತಿತು. ಅಂದಿನಿಂದ ಆ ಪುಣ್ಯಾತ್ಮ ಬೀಡಿಯೊಂದನ್ನು ಬಿಟ್ಟು ಬೇರೆ ಏನನ್ನೂ ಸ್ವಂತ ಬುದ್ಧಿಯಿಂದ ಕೊಂಡವನಲ್ಲ.

ಇಂಥ ಇಮಾಂಬೀಗೆ ಎಂಬತ್ನಾಲ್ಕನೇ ಇಸವಿಯಲ್ಲಿ ಕೂದಲು ನೆಟ್ಟಗೆ ಮಾಡುವ ಯಂತ್ರ ಕೊಳ್ಳುವ ಕೆಲಸ ಬಂತು. ಆಕೆಗಲ್ಲ, ಬಿಡಿ. ಇಪ್ಪತ್ತೈದು ವರ್ಷ ಹೊಗೆ ಕುಡಿದ ಆ ತಲೆ ನೆಟ್ಟಗಿದ್ದರೇನು, ಸೊಟ್ಟಗಿದ್ದರೇನು. ಬಂದದ್ದು ಮಗಳು ದಿಲ್ಷಾದ್ ಬೇಗಂ ದೆಸೆಯಿಂದ. ದಿಲ್ಷಾದ್ ಹತ್ತನೇ ಕ್ಲಾಸು ಮುಗಿಸಿ, ಬೇರೆ ದಾರಿಯಿಲ್ಲದೆ ತಾಯಿಯ ಹಿಂದೆ ಭಟ್ಟಿಗೆ ಬಂದು, ಕಾದ ಮರಳಿನ ಮುಂದೆ ಕೂತು ಕೂತು ಇಪ್ಪತ್ತಕ್ಕೇ ಕೆಮ್ಮು ಹಿಡಿಸಿಕೊಂಡಿದ್ದಳು. ತನ್ನ ಕೆಮ್ಮನ್ನು ಇಮಾಂಬೀ ಲೆಕ್ಕಕ್ಕಿಟ್ಟವಳಲ್ಲ. ಮಗಳು ಕೆಮ್ಮಿದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುವಳು; ಹೇಗಾದರೂ ಮಾಡಿ ಈ ಹುಡುಗಿಯನ್ನು ಹೊಗೆಯಿಂದ ಹೊರಗೆ ಹಾಕಬೇಕು ಎಂಬುದೊಂದೇ ಆಕೆಯ ಹಟ.

ನಿಜಲಿಂಗಪ್ಪ ಬಡಾವಣೆಯ ಕಸ್ತೂರಮ್ಮ ಬೆಂಗಳೂರಿನಲ್ಲಿ ಆರು ತಿಂಗಳು ಕಲಿತು ಬಂದು, ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ತೆರೆದಿದ್ದಳು. ಮಂಡಕ್ಕಿ ಕೊಡಲು ಹೋದ ದಿಲ್ಷಾದ್ ಒಮ್ಮೆ ಆ ಮನೆಯ ಮಗುವಿನ ತಲೆಯ ಸಿಕ್ಕು ಬಿಡಿಸಿದ್ದಳು. ಬಾಚಣಿಗೆ ಕಂಡರೇ ಮನೆ ಹಾರುವ ಹಾಗೆ ಅರಚುತ್ತಿದ್ದ ಮಗು ಅಂದು ಪಿಟಕ್ ಎನ್ನಲಿಲ್ಲ. ಕಸ್ತೂರಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, ಪಾರ್ಲರಿಗೆ ಸಹಾಯಕ್ಕೆ ಬರುತ್ತೀಯಾ ಎಂದು ಕೇಳಿದಳು. ಆದರೆ ಅದಕ್ಕೆ ಮುಂಚೆ ಒಂದು ಪರೀಕ್ಷೆ. ಬರುವ ಶನಿವಾರ ಸಂಜೆ ಅವಳ ಅಣ್ಣನ ಮಗಳ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಮದುಮಗಳದು ಗುಂಗುರು ಕೂದಲು. ಅವಳಿಗೋ ನೆಟ್ಟಗೆ ಇಳಿಬಿಟ್ಟ ಕೂದಲಲ್ಲಿ ಫೋಟೋಗೆ ನಿಲ್ಲುವ ಆಸೆ. ಬೆಂಗಳೂರಿನಿಂದ ತಂದಿದ್ದ ಕರೆಂಟಿನ ಯಂತ್ರ ನಮ್ಮೂರ ವೋಲ್ಟೇಜಿನ ಕುಣಿತ ತಾಳಲಾರದೆ ಎರಡೇ ವಾರಕ್ಕೆ ಸುಟ್ಟುಹೋಗಿತ್ತು. ಇಮಾಂಬೀಯ ಕೊಳ್ಳುವ ಚಾಳಿ ಊರಿಗೇ ಗೊತ್ತಲ್ಲ, ಕಸ್ತೂರಮ್ಮ ಅವಳನ್ನೇ ಕರೆಸಿ ಕೈಯಲ್ಲಿ ಮುನ್ನೂರು ರೂಪಾಯಿ ಇಟ್ಟಳು.

"ಕೊಟ್ಟ ದುಡ್ಡಿಗೆ ಬಾಳಿಕೆ ಬರಬೇಕು ನೋಡು ಇಮಾಂಬೀ. ಹುಡುಗಿ ತಲೆ ಚಂದ ಆತು ಅಂದ್ರೆ ಸೋಮವಾರದಿಂದ ನಿನ್ನ ಮಗಳು ಇಲ್ಲೇ. ಕೆಟ್ತು ಅಂದ್ರೆ ನಾನು ಬ್ಯಾರೆಯವರನ್ನ ನೋಡ್ಕಂತೀನಿ."

ಇಮಾಂಬೀ ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಮಗಳೊಡನೆ ಮಂಡಿಪೇಟೆಗೆ ಇಳಿದಳು. ಬಿಸಿಯನ್ನು ಅಳೆಯಲು ಅವಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಭಟ್ಟಿಯಲ್ಲಿ ಮರಳು ಹದಕ್ಕೆ ಬಂತೋ ಇಲ್ಲವೋ ಎಂದು ನೋಡಲು ಉಪ್ಪು ಹಚ್ಚಿದ ನಾಲ್ಕು ಕಾಳು ಅಕ್ಕಿ ಎಸೆಯುತ್ತಾರೆ. ಪಟ್ಟನೆ ಅರಳಿದರೆ ಮಂಡಕ್ಕಿಗೆ ಹದ. ಅಂಥ ಮರಳಿಗೆ ಜಡೆಯ ತುದಿ ತಾಗಿದವರ ಗತಿಯನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗಾಗಿ ಅವಳ ತರ್ಕ ಬಹಳ ಸರಳ: ಅಕ್ಕಿ ಅರಳಿದರೆ ಕೂದಲು ಹೋಯಿತು, ಅಕ್ಕಿ ಅರಳದೆ ಬರೀ ಹೊಂಬಣ್ಣಕ್ಕೆ ತಿರುಗಿದರೆ ಕೂದಲಿಗೆ ಹದ.

ತರ್ಕವೇನೋ ಸರಿ, ಹೇಳುವ ರೀತಿ ತಪ್ಪಿತು. ಜಮಾಲ್ ಸಾಬರ ಫ್ಯಾನ್ಸಿ ಅಂಗಡಿಯಲ್ಲಿ ನಿಂತು, ಆ ಫಾರಿನ್ ಯಂತ್ರ ತೆಗೆಯಿರಿ, ಅಕ್ಕಿಕಾಳು ಹಾಕಬೇಕು ಎಂದುಬಿಟ್ಟಳು. ನಮ್ಮ ಕಡೆ ಅಕ್ಕಿಕಾಳು ಹಾಕುವುದೆಂದರೆ ಮದುವೆಯಲ್ಲಿ ಗಂಡುಹೆಣ್ಣಿನ ತಲೆಗೆ ಹಾಕುವುದೇ ಹೊರತು ಇನ್ನೊಂದಲ್ಲ. ಜಮಾಲ್ ಸಾಬರು ದಿಲ್ಷಾದಳ ಮುಖ ನೋಡಿ, ಹುಡುಗ ಯಾವೂರವನು, ನಮಗೆ ಹೇಳಲೇ ಇಲ್ಲವಲ್ಲ ಆಪಾ ಎಂದು ಮುನಿಸಿಕೊಂಡರು. ಹುಡುಗನೂ ಇಲ್ಲ, ಮದುವೆಯೂ ಇಲ್ಲ ಎಂದು ಅವರಿಗೆ ತಿಳಿಯಪಡಿಸಿ ಯಂತ್ರಕ್ಕೆ ಕರೆಂಟು ಹಚ್ಚಿಸುವಷ್ಟರಲ್ಲಿ ಇಮಾಂಬೀಗೆ ಸಾಕುಸಾಕಾಯಿತು.

ಇನ್ನೂರ ಎಂಬತ್ತರ ಫಾರಿನ್ ಮಾಲು ನೋಡಲು ಮದುವೆ ಮನೆಯ ಬೀಗರಂತೆ ಮಿರಮಿರ ಮಿಂಚುತ್ತಿತ್ತು. ಕಾದ ತಗಡಿನ ಮೇಲೆ ಇಮಾಂಬೀ ಸೊಂಟದ ಚೀಲದಿಂದ ಕಾಳು ತೆಗೆದು ಸಾಲಾಗಿ ಇಟ್ಟಳು. ಒಂದು ತುದಿಯಲ್ಲಿ ಎರಡು ಕಾಳು ಅರಳಿ ಹಾರಿದವು, ಇನ್ನೊಂದು ತುದಿಯಲ್ಲಿದ್ದವು ಮಲಗಿದಂತೆಯೇ ಇದ್ದವು. ತಲೆಯ ಅರ್ಧ ಸುಟ್ಟು ಅರ್ಧ ಉಳಿಸುತ್ತದೆ ಇದು ಎಂದು ಅವಳು ಪಕ್ಕಕ್ಕೆ ಸರಿಸಿದಳು. ತೊಂಬತ್ತು ರೂಪಾಯಿಯ ಇನ್ನೊಂದರ ಮೇಲೆ ಕಾಳು ಅರಳುವ ಗೋಜಿಗೂ ಹೋಗದೆ ಸೀದಾ ಕರಿಕಾದವು. ಅಂಗಡಿ ತುಂಬ ಸೀದ ವಾಸನೆ. ಜಮಾಲ್ ಸಾಬರು ಮೂಗಿಗೆ ಟವೆಲು ಹಿಡಿದುಕೊಂಡು, ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ಕಂಡಿಲ್ಲ ಎಂದು ಕೈಮುಗಿದರು.

ಮರುದಿನ ತಾಯಿ ಮಗಳು ಹರಿಹರದ ಬಸ್ಸು ಹತ್ತಿದರು. ಇಮಾಂಬೀಯ ತಂಗಿಯ ಮಗ ರೌಫ್ ಅಲ್ಲಿ ಲೇತ್ ಮಷಿನ್ನಿನ ಶೆಡ್ಡಿನಲ್ಲಿ ಟರ್ನರ್ ಆಗಿದ್ದ. ನಡುದಾರಿಯ ಬಾತಿ ದಾಟುವವರೆಗೂ ದಿಲ್ಷಾದ್ ಗೊಣಗಿದಳು. ಕಸ್ತೂರಮ್ಮನವರು ಕೇಳಿದ್ದು ಕರೆಂಟಿನ ಯಂತ್ರ, ನೀನು ಕಮ್ಮಾರಿಕೆ ಮಾಡಿಸಲು ಹೊರಟಿದ್ದೀಯ ಎಂದಳು. ಶೆಡ್ಡಿನಲ್ಲಿ ರೌಫ್ ಇಮಾಂಬೀಯ ಮಾತು ಕೇಳಿ ಮೊದಲು ನಕ್ಕ, ಆಮೇಲೆ ಹಿತ್ತಾಳೆಯ ದಪ್ಪ ತುಂಡೊಂದನ್ನು ಹುಡುಕಿ ತೆಗೆದ. ಗರಗಸದಲ್ಲಿ ಹಲ್ಲು ಕೊಯ್ದು ಬಾಚಣಿಗೆ ಮಾಡಿ, ಬೇವಿನ ಕಟ್ಟಿಗೆಯ ಹಿಡಿ ಕೂರಿಸಿದ. ಕೆಂಡದ ಮೇಲಿಟ್ಟು ಕಾಯಿಸುವಂಥದ್ದು. ಮೊದಲನೆಯದರ ಬೆನ್ನು ತೆಳ್ಳಗಾಗಿ ಬೇಗ ಆರಿತು, ಇಮಾಂಬೀ ಒಪ್ಪಲಿಲ್ಲ. ಎರಡನೆಯದರ ಹಲ್ಲಿನಲ್ಲಿ ಕೂದಲಿಗೆ ಸಿಕ್ಕುವ ಸಿವುರು ಉಳಿದಿತ್ತು. ಮತ್ತೆ ಅರ ಹಾಕಿಸಿದಳು. ಖಾಲಾ, ನಮ್ಮ ಶೆಡ್ಡಿಗೆ ನಿಮ್ಮಂಥ ಇನ್‌ಸ್ಪೆಕ್ಟರ್ ಬೇಕಿತ್ತು ಎಂದ ರೌಫ್. ಮೂರನೆಯದನ್ನು ಕಾಯಿಸಿ ಇಟ್ಟ ಕಾಳುಗಳು ಈ ತುದಿಯಿಂದ ಆ ತುದಿಗೆ ಒಂದೇ ಸಮ ಹೊಂಬಣ್ಣ ತಿರುಗಿದವು. ದಿಲ್ಷಾದಳ ತಲೆಯ ಒಂದೆಳೆಯನ್ನು ಎಳೆದು ನೋಡಿದರೆ ಸೀರೆಯ ಅಂಚಿನ ಹಾಗೆ ನೆಟ್ಟಗಾಯಿತು. ಖರ್ಚು ನಲವತ್ತು ರೂಪಾಯಿ.

ಶನಿವಾರ ಮಧ್ಯಾಹ್ನ ಕಸ್ತೂರಮ್ಮನ ಪಾರ್ಲರಿನಲ್ಲಿ ಮದುಮಗಳು ಕುರ್ಚಿಯಲ್ಲಿ ಕೂತಿದ್ದಳು. ಅವಳ ಅಜ್ಜಿ ತಿಮ್ಮವ್ವ ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಇಮಾಂಬೀ ಉಳಿದ ಇನ್ನೂರ ಅರವತ್ತು ರೂಪಾಯಿಯನ್ನೂ ಬಾಚಣಿಗೆಯನ್ನೂ ಮುಂದಿಟ್ಟಳು. ಕಸ್ತೂರಮ್ಮನ ಮುಖ ಕೆಂಪಾಯಿತು. ದುಡ್ಡು ಉಳಿಸು ಎಂದು ಯಾರು ಹೇಳಿದರು, ಮದುವೆ ಹೆಣ್ಣಿನ ತಲೆಗೆ ಕೆಂಡದಲ್ಲಿ ಕಾಯಿಸಿದ ಹಿತ್ತಾಳೆಯೇ, ನಾಲ್ಕು ಜನ ಕೇಳಿದರೆ ನಗುವುದಿಲ್ಲವೇ ಎಂದು ಒಂದೇ ಉಸಿರಿಗೆ ಬೈದಳು. ಇಮಾಂಬೀ, ತನ್ನ ಜಾಣತನವೇ ಮಗಳ ಅನ್ನಕ್ಕೆ ಕಲ್ಲು ಹಾಕಿತಲ್ಲ ಎಂದು ನೆಲ ನೋಡುತ್ತ ನಿಂತಳು.

ಬೇರೆ ಯಂತ್ರ ಹುಡುಕಲು ಹೊತ್ತೂ ಇರಲಿಲ್ಲ. ದಿಲ್ಷಾದ್ ಒಳಗಿನಿಂದ ಇದ್ದಿಲ ಒಲೆ ತಂದು, ಕೆಂಡ ಹಾಕಿ ಬಾಚಣಿಗೆ ಇಟ್ಟಳು. ಆಮೇಲೆ ತಾಯಿಯ ಸೊಂಟದ ಚೀಲಕ್ಕೆ ಕೈ ಹಾಕಿ, ಮೊದಲು ಅಕ್ಕಿಕಾಳು ಹಾಕುತ್ತೇನೆ ಎಂದಳು. ತಗೋ, ತಿಮ್ಮವ್ವ ಎಲೆ ಅಡಿಕೆ ಉಗುಳಿ ಎದ್ದೇ ನಿಂತಳು.

"ತಾಳಿ ಕಟ್ಟೋದಕ್ಕೆ ಮುಂಚೆ ಅಕ್ಕಿಕಾಳು ಹಾಕ್ತಾರೇನೇ ಹುಡುಗಿ? ನಿಮ್ಮಲ್ಲಿ ಹೆಂಗೋ ಗೊತ್ತಿಲ್ಲ, ನಮ್ಮಲ್ಲಿ ಇಲ್ಲ. ಕೈ ಹಿಂದಕ್ಕೆ ತಗಿ."

"ತಲಿಗಲ್ಲಜ್ಜಿ, ಬಾಚಣಿಗಿಗೆ," ಎಂದು ದಿಲ್ಷಾದ್ ಬಿಸಿ ಬಾಚಣಿಗೆಯ ಬೆನ್ನಿನ ಮೇಲೆ ಎರಡು ಕಾಳು ಇಟ್ಟಳು. ಮಾತಿನ ಭರದಲ್ಲಿ ಬಾಚಣಿಗೆ ಜಾಸ್ತಿಯೇ ಕಾದಿತ್ತು. ಕಾಳು ಪಟ್ಟೆಂದು ಅರಳಿ ಒಂದು ತಿಮ್ಮವ್ವನ ಮಡಿಲಿಗೆ ಹಾರಿತು. ಮುದುಕಿ ಅದನ್ನು ಎತ್ತಿ ನೋಡಿ, ಬಾಯಿಗೆ ಹಾಕಿಕೊಂಡು, ಉಪ್ಪು ಸರಿಯಾಗಿದೆ ಎಂದಳು. ಮದುಮಗಳು ಕಿಸಕ್ಕನೆ ನಕ್ಕಳು. ಕಸ್ತೂರಮ್ಮ ಮಾತ್ರ ನಗಲಿಲ್ಲ.

ಬಾಚಣಿಗೆ ಆರುತ್ತ ಬಂದು, ಇಟ್ಟ ಕಾಳು ಹೊಂಬಣ್ಣಕ್ಕೆ ತಿರುಗಿತು. ಇಮಾಂಬೀ ತಡೆಯಲಾರದೆ, ಹದ ಬಂತು, ಹಚ್ಚು ಎಂದಳು. ದಿಲ್ಷಾದ್ ಹಚ್ಚಲಿಲ್ಲ. ಮದುಮಗಳ ಕೂದಲಿನ ಒಂದೆಳೆಯನ್ನು ಬೆರಳ ನಡುವೆ ಹೊಸೆದು ನೋಡುತ್ತಿದ್ದಳು.

"ತಡಿ ಅಮ್ಮಿ. ಅದು ನನ್ನ ಕೂದಲಿಗೆ ಹದ. ಇವರದು ಭಾಳ ಎಳೇದು, ಇಷ್ಟು ಬಿಸಿ ತಡಿಯಲ್ಲ."

ಇಮಾಂಬೀ ಒಂದು ಹೆಜ್ಜೆ ಹಿಂದೆ ಸರಿದಳು. ಭಟ್ಟಿಯಲ್ಲಿ ಇಪ್ಪತ್ತೈದು ವರ್ಷದಲ್ಲಿ ಅವಳಿಗೆ ತಡಿ ಎಂದವರಿರಲಿಲ್ಲ. ದಿಲ್ಷಾದ್ ಇನ್ನೊಂದು ಕಾಳು ಇಟ್ಟಳು, ಮತ್ತೊಂದು ಇಟ್ಟಳು. ಕಾಳು ಬಣ್ಣ ಬದಲಿಸದೆ ಬರೀ ಬೆಚ್ಚಗಾದಾಗ ಬಾಚಣಿಗೆ ಎತ್ತಿ, ಬುಡ ಬಿಟ್ಟು ನಿಧಾನವಾಗಿ ಎಳೆದಳು. ಒಂದು ಸಲಕ್ಕೆ ಅಲೆ ಅಲೆಯಾಯಿತು, ಮೂರನೆಯ ಸಲಕ್ಕೆ ನೆಟ್ಟಗೆ ಇಳಿಯಿತು. ಅರ್ಧ ತಲೆ ಮುಗಿಯುವ ಹೊತ್ತಿಗೆ ಕರೆಂಟು ಹೋಗಿ ಫ್ಯಾನು ನಿಂತಿತು. ಕಸ್ತೂರಮ್ಮ ಫ್ಯಾನನ್ನು ನೋಡಿದಳು, ಕೆಂಡದ ಒಲೆಯನ್ನು ನೋಡಿದಳು, ಒಂದು ಬೀಸಣಿಗೆ ತಂದು ತಾನೇ ಗಾಳಿ ಹಾಕುತ್ತ ನಿಂತಳು.

ಎರಡು ತಾಸಿಗೆ ಮದುಮಗಳ ಬೆನ್ನ ತುಂಬ ಕೂದಲು ಹೊಳೆಯುತ್ತ ಇಳಿಬಿದ್ದಿತ್ತು. ಒಂದೆಳೆ ಸೀದಿರಲಿಲ್ಲ. ಹುಡುಗಿ ಕನ್ನಡಿಯ ಮುಂದಿನಿಂದ ಏಳಲೊಲ್ಲಳು. ಕಸ್ತೂರಮ್ಮ ಇಮಾಂಬೀಯನ್ನು ಪಕ್ಕಕ್ಕೆ ಕರೆದಳು.

"ಬಾಚಣಿಗಿ ಚಲೋ ಐತೆ, ಅದಿರ್ಲಿ. ನಿನ್ನ ಮಾತನ್ನೂ ಕೇಳದೆ ಕೂದಲಿನ ಮಾತು ಕೇಳಿದ್ಲಲ್ಲ ನಿನ್ನ ಮಗಳು, ಅಂಥಾಕಿ ಬೇಕು ನನಗೆ. ಸೋಮವಾರದಿಂದ ಹತ್ತು ಗಂಟಿಗೆ ಕಳ್ಸು."

ಇಮಾಂಬೀ ಸಂತೋಷದಲ್ಲಿ ಹೂಂ ಅಕ್ಕಾರ ಎಂದು ಮೂರು ಸಲ ಅಂದಳು.

ಸೋಮವಾರ ನಸುಕಿಗೆ ಅವಳು ಎದ್ದಾಗ ಮಗಳು ಮುಸುಕು ಹೊದ್ದು ಮಲಗಿದ್ದಳು. ಎಬ್ಬಿಸಲಿಲ್ಲ. ಭಟ್ಟಿಯಲ್ಲಿ ಮಾಲೀಕ ಹುಸೇನ್ ಸಾಬ್, ಒಬ್ಬಳೇ ಬಂದಿದ್ದೀಯಲ್ಲ, ಹುಡುಗಿಗೆ ಹುಷಾರಿಲ್ಲವೇ ಎಂದು ಕೇಳಿದ.

"ಆಕಿ ಇನ್ನು ಬರಲ್ಲರಿ. ಆಕೀದು ಹತ್ತು ಗಂಟಿ ಡ್ಯೂಟಿ," ಎಂದಳು ಇಮಾಂಬೀ.

ಮಧ್ಯಾಹ್ನದೊಳಗೆ ಆ ಮಾತನ್ನು ಅವಳು ಇನ್ನೂ ಆರು ಜನರಿಗೆ ಹೇಳಿದಳು. ಅವರಲ್ಲಿ ಹುಡುಗಿ ಎಲ್ಲಿ ಎಂದು ಕೇಳಿದವರು ಇಬ್ಬರೇ.