ವೆಲ್ಡಿಂಗ್ ಮೃತ್ಯುಂಜಯನ ಗಾಳಿ ಡಬ್ಬ

ಗುಂಡ್ಲುಪೇಟೆಯ ವೆಲ್ಡಿಂಗ್ ಮೃತ್ಯುಂಜಯನಿಗೆ ಕಂಪ್ಯೂಟರ್ ಆನ್ ಮಾಡಲು ಬರುವುದಿಲ್ಲ. ಅದನ್ನು ಕೂರಿಸುವ ಡಬ್ಬ ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಮುಂದೆ ಗಾಜು, ಒಳಗೆ ಬಣ್ಣದ ದೀಪ, ಗಾಳಿಗೆ ಬೆರಳಗಲ ಸಂದು. "ಯಾವನ್ಲಾ ಇದ್ನ ಮಾಡ್ದೋನು? ಈರುಳ್ಳಿನ ಇದ್ರೊಳಗೆ ಎಲ್ಡು ದಿನ ಇಕ್ಕುದ್ರೆ ಕೊಳ್ತು ನಾರ್ತದೆ" ಎಂದು ಬೈಯುತ್ತಲೇ ಗ್ರೈಂಡರ್ ಎತ್ತಿಕೊಳ್ಳುತ್ತಾನೆ. ಮೂವತ್ತು ವರ್ಷ ಈರುಳ್ಳಿ ಗೋದಾಮುಗಳಿಗೆ ಜಾಲರಿ ಬೆಸೆದವನಿಗೆ ಗೊತ್ತಿರುವುದು ಒಂದೇ: ತಣ್ಣನೆ ಗಾಳಿ ಕೆಳಗಿನಿಂದ ಒಳಗೆ, ಬಿಸಿ ಗಾಳಿ ಮೇಲಿನಿಂದ ಹೊರಗೆ. ಹಾಗಾಗಿ ಬಿಸಿಯಾಗಿ ನಿಲ್ಲುವ ಕಂಪ್ಯೂಟರುಗಳಿಗೆ ಅವನು ಕಟ್ಟಿಕೊಡುವ ಡಬ್ಬ ಸುತ್ತ ಜಾಲರಿಯ ಕೋಳಿಗೂಡಿನಂತಿರುತ್ತದೆ. ನೋಡಿ ನಕ್ಕವರ ಕೆಲಸ ಆ ವಾರ ಆಗುವುದಿಲ್ಲ. ಹರವೆಯಲ್ಲಿ ಅರ್ಜಿ ಟೈಪು ಮಾಡುವ ವನಿತಾ ತನ್ನ ಕಂಪ್ಯೂಟರನ್ನು ಅದಕ್ಕೆ ಹೊದಿಸಿದ ಕಸೂತಿ ಬಟ್ಟೆ ಸಮೇತ ಹೊತ್ತು ತಂದಾಗಲೂ ಬೈಗುಳ ತಪ್ಪಲಿಲ್ಲ: "ಉಸಿರಾಡೋ ತೂತಿಗೇ ಬಟ್ಟೆ ಒದ್ಸಿದ್ದೀಯಲ್ಲ, ನೀನೂ ಅಂಗೇ ಮೂಗಿಗೆ ತುರುಕ್ಕೊಂಡು ಕೂತ್ಕೊ, ನೋಡನ." "ಬಯ್ದಿದ್ದು ಸಾಕು ಬುಡಣ್ಣ. ದಿನಕ್ಕೆ ನಾಕ್ಸಲ ಬಿಸಿಯಾಗಿ ನಿಂತೋಯ್ತದೆ, ಬಂದೋರೆಲ್ಲ ಎದುರಂಗ್ಡಿಗೆ ಓಯ್ತಾವ್ರೆ. ಇಂಗೇ ಆದ್ರೆ ನಾನು ಬಾಗ್ಲಾಕ್ಬೇಕು" ಎಂದಳು ಅವಳು. ಮೂರನೇ ದಿನ ಹೊಸ ಡಬ್ಬದಲ್ಲಿ ಕಂಪ್ಯೂಟರ್ ಕೂರಿಸಿ, ಅವಳ ಕೈಯಲ್ಲೇ ಆನ್ ಮಾಡಿಸಿ, ಅವನು ಬಗ್ಗಿ ಅದರ ಮೇಲಿನ ಜಾಲರಿಗೆ ಕೆನ್ನೆ ಒಡ್ಡಿದ. "ಕೈಯಿಟ್ಟು ನೋಡಬಾರ್ದಾ ಅಣ್ಣ?" ಎಂದಳು ವನಿತಾ. ಮೃತ್ಯುಂಜಯ ಕೆನ್ನೆ ತೆಗೆಯಲಿಲ್ಲ. "ಕಾದ ಕಬ್ಬಿಣ ಇಡ್ದೂ ಇಡ್ದೂ ಅಂಗೈಗೆ ಬಿಸಿ ಯಾವ್ದು ತಣ್ಪು ಯಾವ್ದು ಅಂತ ತಿಳಿಯಾಕಿಲ್ಲ ಕಣಮ್ಮಿ" ಎಂದ. "ಸುಮ್ನಿರು, ಗಾಳಿ ಬತ್ತಾದೆ."