ಅಡವಿಟ್ಟ ಹಂಡೆ

ಇಂಗ್ರೇಜರ ಕಾಲ. ಗೋಕಾಕದಲ್ಲಿ ಬಾಡಿಗೆ ಮನೆ ಹಿಡಿದಾಗ ಒಡತಿ ಅನಾಮತ್ತು ಎಂದು ಮುಂಗಡ ಠೇವಣಿ ಕೇಳಿದರು. ನನ್ನ ಗಂಡ ಸಾಲಿ ಮಾಸ್ತರರು, ಕೈಯಲ್ಲಿ ರೊಕ್ಕವಿಲ್ಲ.

"ಹಂಗಾದ್ರ ಆ ತಾಮ್ರದ ಹಂಡೆ ನನ್ನ ಕಡೆ ಅಡವು ಇರಲಿ. ಮಾಸ್ತರ ಮಂದಿ ವರ್ಗ ಆತಂದ್ರ ಮಸಿ ಗ್ವಾಡಿ ಬಿಟ್ಟ ಹೊಂಟಬಿಡತಾರು. ಮನಿ ಸ್ವಚ್ಛ ಮಾಡಿ ಕೊಟ್ಟ ದಿನ ಒಯ್ಯಿರಿ. ನಾ ಅದಕ್ಕ ಕೈ ಸೈತ ಹಚ್ಚೂದಿಲ್ಲ" ಎಂದರು.

ಕಲ್ಲೋಳಿಯ ನನ್ನ ತವರಿನಿಂದ ಬಂದ ಹಂಡೆ ಅದು. ಗಂಡ ನನ್ನನ್ನು ಒಂದು ಮಾತೂ ಕೇಳದೆ ಎತ್ತಿಕೊಟ್ಟರು. ಮೂರು ವರ್ಷ ಮಣ್ಣಿನ ಗಡಿಗೆಯಲ್ಲಿ ನೀರು ಕಾಸಿದೆ. ಕಾಸುವಾಗಲೆಲ್ಲ ಗಂಡನಿಗೊಂದು ಮಾತು ಅಂದೆ.

ಆಮೇಲೆ ಹುಕ್ಕೇರಿಗೆ ವರ್ಗವಾಯಿತು. ಸೆರಗು ಸೊಂಟಕ್ಕೆ ಸಿಗಿಸಿ ಅಡಿಗೆಮನೆಯ ತೊಲೆಗಳ ಮಸಿ ಕೆರೆದೆ, ಗೋಡೆಗೆ ಸುಣ್ಣ ಹೊಡೆದೆ, ನೆಲ ಸಾರಿಸಿದೆ. ನಮ್ಮವರನ್ನು ಏಣಿ ಹತ್ತಿಸಿ ಜೇಡರ ಬಲೆ ತೆಗೆಸಿದೆ. ಸಾಲಿಯಲ್ಲಿ ಹುಡುಗರನ್ನು ಒಂಟಿಗಾಲಲ್ಲಿ ನಿಲ್ಲಿಸುವವರು ಅಂದು ಏಣಿಯ ಮೇಲಿಂದ "ಇನ್ನ ಇಳೀಲೇನು?" ಎಂದು ಮೂರು ಸಲ ಕೇಳಿದರು.

ಒಡತಿ ತಪಾಸಣೆಗೆ ಬಂದರು. ಸೆರಗಿನ ತುದಿಯಿಂದ ಬಾಗಿಲ ಚೌಕಟ್ಟು ಒರೆಸಿ ನೋಡಿದರು. ಒರಳಿನ ಗುಂಡಿಯಲ್ಲಿ ಬೆರಳಾಡಿಸಿ ಮೂಸಿ, "ಖಾರದ ವಾಸನಿ ಐತಿ" ಎಂದರು. ಮತ್ತೆ ತೊಳೆದೆ. ಬಚ್ಚಲ ಕಲ್ಲಿನ ಸಂದಿಯಲ್ಲಿ ಪಾಚಿ ಕಂಡರು. ಅದನ್ನೂ ತಿಕ್ಕಿದೆ. ಮೈ ಉರಿಯುತ್ತಿತ್ತು. ಆದರೆ ಹಂಡೆ ಅವರ ಮನೆಯಲ್ಲಿರುವ ತನಕ ನನ್ನ ಜುಟ್ಟು ಅವರ ಕೈಯಲ್ಲೇ.

ಕೊನೆಗೆ "ಆತ ಬಿಡವಾ" ಎಂದು ಹಂಡೆ ತರಿಸಿದರು. ನೋಡಿದರೆ ರೊಟ್ಟಿ ಹಂಚಿಗಿಂತ ಕಪ್ಪು!

"ಇದಕ್ಕ ಉರಿ ಹಚ್ಚೀರೇನ್ರಿ?"

"ಹಂಡೆ ಇರೂದ ನೀರ ಕಾಸಾಕ. ಕಾಸಿದ್ರ ಮಸಿ ಹತ್ತೂದ."

"ಮನಿ ಇರೂದೂ ಅಡಿಗಿ ಮಾಡಿ ಉಣ್ಣಾಕ ರೀ. ಮಾಡಿದ್ರ ಗ್ವಾಡಿಗೂ ಮಸಿ ಹತ್ತೂದ. ನನ್ನ ಸುಮ್ನ ಬಿಟ್ರೇನು?"

ಹುಣಸೆಹಣ್ಣು, ಬೂದಿ ಒಡತಿಯ ಮುಂದಿಟ್ಟು ನಾನು ಹೊಸ್ತಿಲ ಬಳಿ ಕೂತೆ.

"ಬಂಡಿ ನಿಂತೈತಿ, ಹಂಗ ಒಯ್ಯೂಣು" ಎಂದರು ನಮ್ಮವರು. ಅವರ ಮಾತು ಯಾರು ಕೇಳುತ್ತಾರೆ! ಒಡತಿ ಗೊಣಗುತ್ತ ತಿಕ್ಕಿದರು. ನಾನು ಬೆರಳಾಡಿಸಿ, "ಕಂಠದ ಕೆಳಗ ಇನ್ನೂ ಐತ್ರಿ" ಎಂದು ತೋರಿಸಿದೆ. ಹೊಸದರಂತೆ ಹೊಳೆಯುವ ತನಕ ಬಿಡಲಿಲ್ಲ. ಅದನ್ನು ಬಂಡಿಯ ಮುಂಭಾಗದಲ್ಲಿ ಇಟ್ಟುಕೊಂಡು, ಹುಕ್ಕೇರಿ ಮುಟ್ಟುವವರೆಗೂ ಗೆದ್ದವಳ ಠೀವಿಯಲ್ಲಿ ಕೂತಿದ್ದೆ.

ಹುಕ್ಕೇರಿಯ ಹೊಸ ಮನೆಯ ಮಾಲಕರು ಅಂಗಳದಲ್ಲೇ ಅನಾಮತ್ತಿನ ಮಾತು ತೆಗೆದರು. ನಮ್ಮವರು ಖಾಲಿ ಕಿಸೆ ಮುಟ್ಟಿಕೊಂಡರು. ಮಾಲಕರ ಕಣ್ಣು ಬಂಡಿಯತ್ತ ಹೋಯಿತು.

"ಎಷ್ಟ ಛಲೋ ಹೊಳ್ಯಾಕತ್ತೈತ್ರಿ! ರೊಕ್ಕ ಯಾಕ ಮಾಸ್ತರ, ಈ ಹಂಡೆ ಇದ್ರ ಸಾಕು."

ನಮ್ಮವರು ನನ್ನ ಮುಖ ನೋಡದೆ ಇಳಿಸಿಕೊಟ್ಟರು. ನನಗೆ ಅಳು ಬಂತು, ಸಿಟ್ಟಿನ ಅಳು. ಮಸಿ ಹಾಗೇ ಬಿಟ್ಟಿದ್ದರೆ ಆ ಮನುಷ್ಯ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ.