ಬಸಮ್ಮನ ಗಿಡ್ಡ ಹುಂಜ

ಬಸಮ್ಮ ದೊಡ್ಡನೆಕ್ಕುಂದಿಗೆ ಸೊಸೆಯಾಗಿ ಬಂದಾಗ ತವರಿನವರು ಮಂಕರಿಯಲ್ಲಿ ಒಂದು ಜೊತೆ ಗಿಡ್ಡ ಕೋಳಿ ಇಟ್ಟು ಕಳಿಸಿದ್ದರು. ನಾಲ್ಕು ಬೆರಳಿನಷ್ಟೂ ಕಾಲಿಲ್ಲ, ರೆಕ್ಕೆ ಇದ್ದೂ ಹಾರಲಾರವು. ಅದಕ್ಕೇ ರೈತರಿಗೆ ಅವು ಅಚ್ಚುಮೆಚ್ಚು. ಬೇಲಿ ಹಾರಿ ಪಕ್ಕದವರ ರಾಗಿ ಪೈರು ಕೆದಕಿ ಜಗಳ ತರುತ್ತಿರಲಿಲ್ಲ.

ಹೊಲಗಳು ಹೋಗಿ ಪಿಜಿಗಳು ಎದ್ದ ಮೇಲೆ ಅದೇ ಗುಣ ಅವುಗಳ ಪ್ರಾಣಕ್ಕೆ ಕುತ್ತಾಯಿತು. ನಾಯಿ ಬಂದರೆ ಮರ ಹತ್ತಲಾರವು, ಕಾರು ಬಂದರೆ ಓಡಲಾರವು. ಊರಿನವರದೆಲ್ಲ ಮುಗಿದು, ಉಳಿದದ್ದು ಬಸಮ್ಮನ ಹಿತ್ತಿಲಿನ ಒಂದು ಹುಂಜ, ಒಂದು ಹೇಂಟೆ. ತವರಿಗೂ ಹೋಗಿ ಕೇಳಿ ಬಂದಿದ್ದಳು, ಅಲ್ಲೂ ಇರಲಿಲ್ಲ. ಬೇರೆ ಹುಂಜದ ಜೊತೆ ಬಿಟ್ಟರೆ ಮರಿಗಳು ಉದ್ದ ಕಾಲಿನವಾಗಿ ಗೋಡೆ ಹಾರಿ ಹೋದವು. ಹಾಗಾಗಿ ತಂತಿಬಲೆಯ ಗೂಡು ಮಾಡಿಸಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಆದರೆ ಹರಕೆಯೊಂದಿತ್ತು. ಮೂರು ವರ್ಷದ ಹಿಂದೆ ಸೊಸೆ ಕೃಪಾ ಏಳು ತಿಂಗಳಿಗೇ ಹೆತ್ತಾಗ, ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. "ಉಳಿಸ್ಕೊಡು ತಾಯಿ, ಗಿಡ್ಡ ಹುಂಜ ಕೊಡ್ತೀನಿ" ಎಂದು ಬಸಮ್ಮ ಮಾರಮ್ಮನಿಗೆ ಹೇಳಿಕೊಂಡಿದ್ದಳು. ಆಗ ಹುಂಜಗಳು ಐದಿದ್ದವು. ಮಗು ಉಳಿಯಿತು. ಇವತ್ತು ನಾಳೆ ಎನ್ನುವಷ್ಟರಲ್ಲಿ ನಾಲ್ಕನ್ನು ನಾಯಿಗಳು ತಿಂದವು.

ಈ ಆಷಾಢದಲ್ಲಿ ಮಗುವಿಗೆ ಎರಡು ಸಲ ಫಿಟ್ಸ್ ಬಂತು. ಕೃಪಾ ಡಾಕ್ಟರು ಕೊಟ್ಟ ಔಷಧಿಯನ್ನೂ ಕುಡಿಸಿದಳು, ಅತ್ತೆಯ ಮುಖವನ್ನೂ ನೋಡಿದಳು.

"ಅತ್ತೆ, ನಿಮಗೆ ಕೋಳಿ ಹೆಚ್ಚಾ, ನನ್ನ ಮಗು ಹೆಚ್ಚಾ?"

ಬಸಮ್ಮ ಮಾರತ್ತಹಳ್ಳಿಯಿಂದ ದಷ್ಟಪುಷ್ಟವಾದ ಕೆಂಪು ಹುಂಜ ತಂದಳು. ಗುಡಿಯ ಪೂಜೆ ಅವಳ ಮೈದುನ ದಾಸಪ್ಪನದು. ಅವನು ಅದರ ಮೇಲೆ ನೀರು ಚಿಮುಕಿಸಿದ. ಹುಂಜ ಮೈ ಒದರಿದರೆ ತಾಯಿ ಒಪ್ಪಿದಳೆಂದು ಅರ್ಥ. ಮೂರು ಚೊಂಬು ಸುರಿದರೂ ಅದು ಕಲ್ಲಿನಂತೆ ನಿಂತಿತ್ತು.

"ನೀನಂದಿದ್ದು ಯಾವ್ದು, ತಂದಿರೋದ್ಯಾವ್ದು ಅತ್ತಿಗೆ? ಆಯಮ್ಮಂಗೇ ಟೋಪಿ ಆಕ್ತೀಯಾ?"

"ಒಂದೇ ಐತೆ ಕಣೋ ದಾಸಪ್ಪ. ಅದೂ ಓದ್ರೆ ಕುಲಾನೇ ಓಯ್ತದೆ."

"ಕುಲ ಅಂತೆ ಕುಲ! ಅದೇನು ರಾಜರ ವಂಶವಾ?"

ಸುತ್ತ ನಿಂತವರು ನಕ್ಕರು. ಕೃಪಾ ನಗಲಿಲ್ಲ. ಅವಳ ತೋಳಿನಲ್ಲಿ ಮಗು ಕಣ್ಣು ಅರೆತೆರೆದು ಮಲಗಿತ್ತು.

ಬಸಮ್ಮ ಮನೆಗೆ ಹೋಗಿ ಗೂಡು ತೆರೆದು ಗಿಡ್ಡನನ್ನು ಎದೆಗವಚಿಕೊಂಡು ಬಂದಳು. ನೀರು ಬಿತ್ತು. ಒದರಬೇಡ ಕಣಪ್ಪ ಎಂದು ಮನಸ್ಸಿನಲ್ಲೇ ಅಂದಳು. ಮಗುವಿನ ಕಡೆ ಕಣ್ಣು ಹೋದದ್ದೇ, ಹಾಗಂದದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊಂಡಳು. ಹುಂಜ ತಲೆಯಿಂದ ಬಾಲದವರೆಗೆ ಒಂದೇ ಸಲಕ್ಕೆ ಮೈ ಒದರಿತು.

ಹುಂಜ ಹೋದ ಮೇಲೂ ಎಂಟು ಹತ್ತು ದಿನ ಹೇಂಟೆ ಇಡುವ ಮೊಟ್ಟೆಯಲ್ಲಿ ಮರಿ ಕಟ್ಟುತ್ತದೆಂದು ಬಸಮ್ಮನಿಗೆ ಗೊತ್ತಿತ್ತು. ಆರು ಮೊಟ್ಟೆ ಸಿಕ್ಕವು, ಕಾವಿಗೆ ಕೂರಿಸಿದಳು. ಎರಡು ಚಿಪ್ಪಿನೊಳಗೇ ಸತ್ತವು, ನಾಲ್ಕು ಮರಿ ಎದ್ದವು. ನಾಲ್ಕೂ ಗಿಡ್ಡವೇ. ಒಂದಾದರೂ ಹುಂಜವಾದರೆ ಸಾಕಿತ್ತು. ಮೂರು ತಿಂಗಳು ದಿನಾ ಬೆಳಿಗ್ಗೆ ಒಂದೊಂದನ್ನೇ ಎತ್ತಿ, ಜುಟ್ಟು ಕೆಂಪಾಯಿತೇ ಎಂದು ಬಿಸಿಲಿಗೆ ಹಿಡಿದು ನೋಡಿದಳು. ಮೂರರದು ಬಿಳಿಚಿಕೊಂಡೇ ಇತ್ತು, ಒಂದರದು ಮಾತ್ರ ಕೆಂಪೇರಿತು.

ಮಗುವಿಗೆ ಮತ್ತೆ ಫಿಟ್ಸ್ ಬರಲಿಲ್ಲ. ಔಷಧಿಯೂ ನಿಂತಿರಲಿಲ್ಲ.

ಮರಿಗಳಿಗೆ ಆರು ತಿಂಗಳಾದಾಗ ಒಂದು ದಿನ ಕೃಪಾ ಹಿತ್ತಿಲಿನಿಂದ ಬಂದು, "ಮೊದಲನೇ ಮೊಟ್ಟೆ ಅತ್ತೆ, ಆ ಕೆಂಪು ಜುಟ್ಟಿನದು, ನೋಡಿ!" ಎಂದು ಖುಷಿಯಿಂದ ಅಂಗೈ ಚಾಚಿದಳು.

ಬಸಮ್ಮ ಮೊಟ್ಟೆ ಮುಟ್ಟಲಿಲ್ಲ.

"ಮಗೀಗೆ ಬೇಯಿಸ್ಕೊಡವ್ವ," ಎಂದಳು. "ನಾಲ್ಕೂ ಹೇಂಟೇನೇ."